ಗುರುವಾರದ ಎಂಟು ಕುರ್ಚಿ

ಕೋತಗಿರಿಯಲ್ಲಿ ಡಿಸೆಂಬರಿನ ಒಂದು ಮಧ್ಯಾಹ್ನ. ಜಗುಲಿಯ ಮುಂದೆ ಟೀ ತೋಟ, ತೋಟದಾಚೆ ಮಂಜು. ಅತ್ತೆ ಕರ್ನಾಟಕದ ಒಂದು ಊರಿನಲ್ಲಿ ಇಪ್ಪತ್ತೆಂಟು ವರ್ಷ ಮಿಷನ್ ಬೋರ್ಡಿಂಗಿನ ವಾರ್ಡನ್ ಆಗಿದ್ದವರು. ನಿವೃತ್ತಿಯಾದ ಮೇಲೆ ಗಂಡನ ಊರಾದ ಇಲ್ಲಿಗೆ ಬಂದು ನೆಲೆಸಿದ್ದಾರೆ. ಅಳಿಯ ಅವರ ಸೋದರನ ಮಗ, ಮೈಸೂರಿನ ಕಾಲೇಜಿನಲ್ಲಿ ಸಮಾಜಕಾರ್ಯ ಪಾಠ ಹೇಳುವವನು. ಬಂಡೀಪುರ ದಾಟಿ, ಊಟಿಯಲ್ಲಿ ಬಸ್ಸು ಬದಲಿಸಿ ಬಂದಿದ್ದಾನೆ.

ಅಳಿಯ: ಅತ್ತೆ, ನಿಮ್ಮ ಚರ್ಚಿನ ಗೇಟಿನಲ್ಲಿ ಬೋರ್ಡು ನೋಡಿದೆ. ಗುರುವಾರ ಮೂರು ಗಂಟೆಗೆ ತಾಯಂದಿರ ಕೂಟ ಅಂತ. ತಾಯಿಯಾಗೋದನ್ನೂ ಈಗ ಚರ್ಚಿನಲ್ಲಿ ಹೇಳಿಕೊಡ್ತೀರಾ?

ಅತ್ತೆ: ಆ ಬೋರ್ಡು ಹಳೇದು ಕಣೋ. ಮೂರು ಗಂಟೆ ಅನ್ನೋದೇ ನಾವು ಮಾಡಿದ ಮೊದಲನೇ ದಡ್ಡತನ. ಅದು ಎಲೆ ಕೀಳೋ ಹೊತ್ತು. ಬೆನ್ನ ಮೇಲಿನ ಚೀಲ ಇಳಿಸಿ ತೂಕ ಹಾಕಿಸದೆ ಯಾವಳು ಬರ್ತಾಳೆ? ಈಗ ಐದೂವರೆಗೆ ಸೇರ್ತೀವಿ. ಬೋರ್ಡು ಬದಲಾಯಿಸೋಕೆ ಕಮಿಟಿ ಕೂರಬೇಕಂತೆ.

ಅಳಿಯ: ಮೂರು ಗಂಟೆಗೆ ಯಾರೂ ಬರಲೇ ಇಲ್ವಾ?

ಅತ್ತೆ: ಬಂದರಲ್ಲ! ಮಕ್ಕಳನ್ನ ಟ್ಯೂಷನ್ನಿಗೆ ಕಳಿಸಿ, ಸೀರೆ ನೆರಿಗೆ ಸರಿಮಾಡಿಕೊಂಡು, ನೋಟ್‌ಬುಕ್ಕು ಪೆನ್ನು ಹಿಡಿದು ಬಂದರು. ಮಕ್ಕಳ ಮೇಲೆ ಕೈ ಎತ್ತಬಾರದು ಅಂತ ನಾನು ಹೇಳಿದ್ದನ್ನ ಬರಕೊಂಡರು. ಯಾರಿಗೆ ಅಂತ ಶುರು ಮಾಡಿದ್ವೋ ಅವರಲ್ಲಿ ಒಬ್ಬಳೂ ಬರಲಿಲ್ಲ. ಎರಡು ತಿಂಗಳು ಹೀಗೇ ನಡೀತು. ಆಮೇಲೆ ನನಗೇ ನಾಚಿಕೆಯಾಯಿತು.

ಅಳಿಯ: ಯಾರಿಗೆ ಅಂತ ಶುರು ಮಾಡಿದ್ದು?

ಅತ್ತೆ: ಕೆಳಗಿನ ಲೈನ್ ಮನೆಗಳವರಿಗೆ. ಅಲ್ಲಿ ಎರಡು ಥರ ಜನ. ಒಂದು ಸಿಲೋನಿನಿಂದ ವಾಪಸ್ಸು ಬಂದವರ ಮೊಮ್ಮಕ್ಕಳು. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಅಮ್ಮನೂ ಒಪ್ಪಂದ ಮಾಡಿಕೊಂಡು ಐದೂಕಾಲು ಲಕ್ಷ ಜನರನ್ನ ಇಂಡಿಯಾ ತಗೋಬೇಕು ಅಂತ ಲೆಕ್ಕ ಬರೆದರಲ್ಲ, ಆ ಲೆಕ್ಕದವರು. ಅವರಿಗೆ ಅಂತಲೇ ಸರ್ಕಾರ 1968ರಲ್ಲಿ ಈ ಬೆಟ್ಟದ ಮೇಲೆ ಟೀ ತೋಟ ಎಬ್ಬಿಸಿತು, ಈಗಿನ ಟ್ಯಾಂಟೀ. ಇನ್ನೊಂದು, ಈಚೆಗೆ ಜಾರ್ಖಂಡಿನಿಂದ ಬಂದವರು. ಅವರ ಮಾತು ನಮಗೆ ತಿಳಿಯಲ್ಲ, ನಮ್ಮದು ಅವರಿಗೆ ತಿಳಿಯಲ್ಲ. ಈ ಬೆಟ್ಟದವರೇ ಆದ ಬಡಗರ ಹಟ್ಟಿಯಲ್ಲಿ ಕೂಸು ಅತ್ತರೆ ಹತ್ತು ಬಾಗಿಲು ತೆರೀತವೆ. ಅಜ್ಜಿ, ದೊಡ್ಡವ್ವೆ, ಯಾರಾದರೂ ಎತ್ತಿಕೊಳ್ತಾರೆ. ಲೈನ್ ಮನೆಯಲ್ಲಿ ಕೂಸು ಅತ್ತರೆ ಪಕ್ಕದ ಮನೆಯವಳೂ ತೋಟದಲ್ಲೇ ಇರ್ತಾಳೆ.

ಅಳಿಯ: ತೋಟದಲ್ಲಿ ಶಿಶುಗೃಹ ಇರಬೇಕಲ್ಲ? 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು, ಐವತ್ತು ಹೆಂಗಸರು ಕೆಲಸಕ್ಕಿದ್ದರೆ ಆರು ವರ್ಷದೊಳಗಿನ ಮಕ್ಕಳಿಗೆ ಜಾಗ ಮಾಡಿಕೊಡಬೇಕು ಅಂತ.

ಅತ್ತೆ: ದೊಡ್ಡ ಎಸ್ಟೇಟಿನ ಮಾತು ಅದು. ಐದು ಹೆಕ್ಟೇರಿಗಿಂತ ಕಮ್ಮಿ ಇರೋ ತೋಟಕ್ಕೆ ಆ ಕಾಯ್ದೆ ಅನ್ವಯಿಸುತ್ತಲೇ ಇರಲಿಲ್ಲ. ಕೋತಗಿರಿ ಸುತ್ತ ಒಂದೆಕರೆ, ಎರಡೆಕರೆಯವರೇ ಜಾಸ್ತಿ. ಇವತ್ತು ಒಬ್ಬರ ತೋಟ, ನಾಳೆ ಇನ್ನೊಬ್ಬರದು. ಹಸಿರೆಲೆ ರೇಟು ಬಿದ್ದರೆ ತೋಟದ ಯಜಮಾನನೇ ತಲೆ ಮೇಲೆ ಕೈ ಹೊತ್ತು ಕೂರ್ತಾನೆ, ಇನ್ನು ಶಿಶುಗೃಹ ಎಲ್ಲಿಂದ ಬರಬೇಕು? ಮೂರು ವರ್ಷದ ಮಗೂನ ಒಳಗೆ ಬಿಟ್ಟು, ಹೊರಗಿಂದ ಚಿಲಕ ಹಾಕಿ ಹೋಗ್ತಾಳೆ. ಅವಳನ್ನ ಕೂರಿಸಿಕೊಂಡು 'ಮಗುವಿನ ಜೊತೆ ಗುಣಮಟ್ಟದ ಸಮಯ ಕಳೆಯಮ್ಮ' ಅಂತ ನಾನು ಹೇಳಬೇಕಿತ್ತು. ಪುಸ್ತಕದಲ್ಲಿ ಹಾಗೇ ಇತ್ತು.

ಅಳಿಯ: ನಿಮ್ಮಲ್ಲಿ ಇದು ಹೊಸದೇನಲ್ಲ ಅತ್ತೆ. 1876ರಲ್ಲಿ ಇಂಗ್ಲೆಂಡಿನ ಓಲ್ಡ್ ಆಲ್ರೆಸ್‌ಫರ್ಡ್ ಅನ್ನೋ ಹಳ್ಳಿಯಲ್ಲಿ ಪಾದ್ರಿಯ ಹೆಂಡತಿ ಮೇರಿ ಸಮ್ನರ್ ತಾಯಂದಿರನ್ನ ಸೇರಿಸಿದಳು. ಮಗಳಿಗೆ ಮಗುವಾದಾಗ, ತಾನು ಮೊದಲ ಸಲ ತಾಯಿಯಾಗಿ ಹೆದರಿದ್ದು ನೆನಪಾಯಿತಂತೆ. ಮೊದಲ ದಿನ ಜನ ಬಂದು ಕೂತರೆ ಇವಳಿಗೆ ಬಾಯೇ ಬರಲಿಲ್ಲ, ಮುಂದಿನ ವಾರ ಬನ್ನಿ ಅಂತ ಕಳಿಸಿಬಿಟ್ಟಳು. ಅದೇ ಬೆಳೆದು ಮದರ್ಸ್ ಯೂನಿಯನ್ ಆಯಿತು.

ಅತ್ತೆ: ಅದು ಗೊತ್ತು. ಇನ್ನೊಂದು ವಿಷಯ ಗೊತ್ತಾ? ವಿಚ್ಛೇದನ ಆದ ಹೆಂಗಸನ್ನ ಅದೇ ಯೂನಿಯನ್ನು 1970ರ ದಶಕದ ತನಕ ಸದಸ್ಯೆ ಮಾಡಿಕೊಳ್ತಾ ಇರಲಿಲ್ಲ. ಗಂಡ ಬಿಟ್ಟವಳಿಗಿಂತ ಕಷ್ಟದಲ್ಲಿರೋ ತಾಯಿ ಯಾರಪ್ಪಾ? ಅವಳೊಬ್ಬಳನ್ನ ಬಾಗಿಲ ಹೊರಗೆ ನಿಲ್ಲಿಸಿ, ಉಳಿದವರೆಲ್ಲ ಒಳಗೆ ತಾಯ್ತನದ ಪ್ರಾರ್ಥನೆ ಮಾಡಿದರು. ನಮ್ಮ ಸಭೆಗಳಲ್ಲಿ ನಿಯಮ ಬರೆದಿಲ್ಲ, ಅಷ್ಟೇ. ಹಿಂದಿನ ಬೆಂಚಿನ ಕಡೆ ಒಂದು ಸಲ ತಿರುಗಿ ನೋಡಿದರೆ ಸಾಕು, ಅವಳು ಮುಂದಿನ ಭಾನುವಾರ ಬರಲ್ಲ.

ಅಳಿಯ: ಮತ್ತೆ ನೀವು ಬೋರ್ಡಿಂಗಿನಲ್ಲಿ ಅಷ್ಟು ವರ್ಷ ಅಂಥವರ ಮಕ್ಕಳನ್ನೇ ಸಾಕಿದಿರಲ್ಲ.

ಅತ್ತೆ: ಸಾಕಿದೆ. ಮಕ್ಕಳನ್ನ ಸಾಕೋದು ಮಿಷನ್ನಿನವರಿಗೆ ಚೆನ್ನಾಗಿ ಗೊತ್ತಿತ್ತು. ಈ ಬೆಟ್ಟದ ಕಥೆಯೇ ತಗೋ. ಕ್ಯಾಸಮೇಜರ್ ಅಂತ ಮದ್ರಾಸ್ ಸರ್ಕಾರದ ಕೆಲಸದಿಂದ ನಿವೃತ್ತಿಯಾದ ದೊರೆ ಕೇಟಿಯಲ್ಲಿದ್ದ. ಅವನ ಬೆಂಬಲದಲ್ಲಿ 1846ರಲ್ಲಿ ಬಾಸೆಲ್ ಮಿಷನ್ನಿನ ವೈಗ್ಲೆ ಅಲ್ಲಿ ಕೆಲಸ ಶುರು ಮಾಡಿದ. ಕೋತಗಿರಿಗೆ 1867ರಲ್ಲಿ ಬಂದರು. ಬಡಗರ ಮಕ್ಕಳಿಗೆ ಪಾಠ ಹೇಳಿದ್ದು ಕನ್ನಡದಲ್ಲಿ. ಲೂಕನ ಸುವಾರ್ತೆಯನ್ನ ಬಡಗ ಮಾತಿಗೆ ತಂದು 1890ರಲ್ಲಿ ಮಂಗಳೂರಿನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದರಲ್ಲ, ಅದೂ ಕನ್ನಡ ಲಿಪಿಯಲ್ಲೇ. ನಿಮ್ಮ ಮಾವನ ಅಜ್ಜಿ ಕನ್ನಡದಲ್ಲೇ ಬೈಬಲ್ ಓದ್ತಿದ್ದರು. ಈಗ ಆರಾಧನೆ ತಮಿಳಿನಲ್ಲಿ. ಇರಲಿ, ಅದು ಬೇರೆ ದುಃಖ.

ಅಳಿಯ: ಬಾಸೆಲ್ಲಿನವರು ತಮ್ಮ ಸ್ವಂತ ಮಕ್ಕಳನ್ನ ಏನು ಮಾಡಿದರು, ಗೊತ್ತಾ ನಿಮಗೆ?

ಅತ್ತೆ: ಏನು ಮಾಡಿದರು?

ಅಳಿಯ: ಊರಿಗೆ ಕಳಿಸಿದರು. ಮಿಷನರಿಗಳ ಮಕ್ಕಳು ಇಂಡಿಯಾದಲ್ಲಿ ಬೆಳೀಬಾರದು, ಸ್ವಿಟ್ಜರ್ಲೆಂಡಿನಲ್ಲಿ ಮಿಷನ್ನಿನದೇ ಮಕ್ಕಳ ಮನೆಯಲ್ಲಿ ಬೆಳೀಬೇಕು ಅಂತ 1853ರಲ್ಲಿ ನಿಯಮವೇ ಆಯಿತು. ಆ ನಿಯಮ ಬರೋ ಮೊದಲೇ ಹಾಗೆ ಬಿಟ್ಟುಬಂದವರೂ ಇದ್ದರು. ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಇದ್ದನಲ್ಲ, ಅವನ ಮಗಳು ಮೇರಿ 1842ರಲ್ಲಿ ತಲಶೇರಿಯಲ್ಲಿ ಹುಟ್ಟಿದವಳು. ಇನ್ನೂ ಸಣ್ಣ ಮಗುವಾಗಿದ್ದಾಗಲೇ ಯೂರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ವಾಪಸ್ಸು ಬಂದರು. ಅವಳು ಮತ್ತೆ ಇಂಡಿಯಾಕ್ಕೆ ಬಂದದ್ದು 1857ರಲ್ಲಿ. ನಾವು ಕಾಲೇಜಿನಲ್ಲಿ ಓದಿದ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ ಅವಳ ಮಗ. ಅವನನ್ನೂ ಆರು ವರ್ಷದವನಾಗಿದ್ದಾಗ ಕೆಲವು ತಿಂಗಳು ಬಾಸೆಲ್ಲಿನ ಮಿಷನ್ ಹುಡುಗರ ಮನೆಗೆ ಹಾಕಿದರು. ಅಪ್ಪ ಅಮ್ಮನ ಮನೆ ಅದೇ ಊರಲ್ಲಿತ್ತು. ಹೋಗೋಕೆ ಬಿಡ್ತಿದ್ದದ್ದು ಭಾನುವಾರ ಮಾತ್ರ.

ಅತ್ತೆ: ಅಯ್ಯೋ. ಅದಕ್ಕೇ ಇರಬೇಕು, ನಮ್ಮ ಮಕ್ಕಳನ್ನ ಬೋರ್ಡಿಂಗಿಗೆ ಸೇರಿಸಿಕೊಂಡಾಗ ತಪ್ಪು ಅಂತಲೇ ಅನ್ನಿಸಿರಲಿಕ್ಕಿಲ್ಲ ಅವರಿಗೆ. ತಾವೂ ಅದನ್ನೇ ಮಾಡಿದ್ದರು. ತಮ್ಮ ಹೊಟ್ಟೆ ಉರಿಸಿಕೊಂಡು ಮಾಡಿದ್ದನ್ನ ಜನ ಪುಣ್ಯ ಅಂತಲೇ ತಿಳಕೊಳ್ತಾರೆ.

ಅಳಿಯ: ನಿಮಗೆ ಯಾವಾಗ ಅನ್ನಿಸಿತು?

ಅತ್ತೆ: ಒಂದು ಎರಡನೇ ಶನಿವಾರ. ಅವತ್ತು ತಾಯಂದಿರು ನೋಡೋಕೆ ಬರೋ ದಿನ. ಗೇಟಿನೊಳಗೆ ಹುಣಸೆಮರದ ಕೆಳಗೆ ಕೂರಿಸ್ತಿದ್ವಿ. ಒಬ್ಬಳು ಎರಡು ಬಸ್ಸು ಹತ್ತಿ ಇಳಿದು ಬಂದಿದ್ದಳು. ಬಾಳೆಲೆಯಲ್ಲಿ ಚಿತ್ರಾನ್ನ ಕಟ್ಟಿಕೊಂಡು, ಮೇಲೆ ಪೇಪರ್ ಸುತ್ತಿ, ಸೆರಗಿನೊಳಗೆ ಇಟ್ಟುಕೊಂಡು. ಮಗಳಿಗೆ ಏಳು ವರ್ಷ. ಎಲೆ ಬಿಚ್ಚಿದಳು. ಹುಡುಗಿ ಕೈ ಹಾಕೋ ಮೊದಲು ತಲೆ ಎತ್ತಿ ನನ್ನ ಮುಖ ನೋಡಿದಳು, ತಿನ್ನಲಾ ಮೇಡಂ ಅಂತ. ಹೆತ್ತವಳು ಎದುರಿಗೇ ಕೂತಿದ್ದಾಳೆ, ಅಪ್ಪಣೆ ಕೇಳಿದ್ದು ನನ್ನನ್ನ. ತಿನ್ನು ಅಂದೆ. ಆ ತಾಯಿ ಏನೂ ಅನ್ನಲಿಲ್ಲ. ಆ ಸುತ್ತಿದ ಪೇಪರನ್ನ ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ.

ಅಳಿಯ: ಆ ಹುಡುಗಿ?

ಅತ್ತೆ: ನರ್ಸ್ ಆಗಿದ್ದಾಳೆ. ಕ್ರಿಸ್‌ಮಸ್‌ಗೆ ನನಗೆ ಫೋನ್ ಮಾಡ್ತಾಳೆ. ಅಮ್ಮನಿಗೆ ಮಾಡಲ್ಲ. ಬೋರ್ಡಿಂಗ್ ಸೋತಿತು ಅಂತ ನಾನು ಹೇಳೋದಿಲ್ಲ ಕಣೋ, ಅದರ ಅನ್ನ ತಿಂದು ಎದ್ದುನಿಂತ ಮಕ್ಕಳು ಲೆಕ್ಕವಿಲ್ಲದಷ್ಟು. ಆದರೆ ದುಡ್ಡು ಬರ್ತಿದ್ದದ್ದು ಮಗುವಿನ ಹೆಸರಿಗೆ. ಪರದೇಶದ ದಾನಿಗೆ ವರ್ಷಕ್ಕೊಂದು ಫೋಟೋ, ಒಂದು ಕಾಗದ. ಮಗು ಬೋರ್ಡಿಂಗಿನಲ್ಲಿದ್ದರೆ ಊಟ, ಬಟ್ಟೆ, ಫೀಸು. ಅದೇ ಮಗು ಮನೆಯಲ್ಲಿದ್ದರೆ ಒಂದು ಪೈಸೆ ಇಲ್ಲ. ಹಾಗಾದರೆ ಬಡವಿ ಏನು ಮಾಡ್ತಾಳೆ? ಮಗೂನ ಬಿಟ್ಟುಕೊಡೋದೇ ಒಳ್ಳೇ ತಾಯಿಯ ಲಕ್ಷಣ ಅಂತ ಕಲೀತಾಳೆ. ಆ ದುಡ್ಡಿನಲ್ಲಿ ಅರ್ಧ ಅವಳ ಕೈಗೆ ಬಂದಿದ್ದರೆ ಎಷ್ಟೋ ಮಕ್ಕಳು ಗೇಟು ದಾಟಬೇಕಾಗಿರಲಿಲ್ಲ.

ಅಳಿಯ: ಈಗಿನ ಕಾನೂನೂ ಅದನ್ನೇ ಹೇಳೋದು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಸಂಸ್ಥೆಗೆ ಸೇರಿಸೋದು ಕೊನೇ ದಾರಿ. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗು ಮನೆಯಲ್ಲೇ ಇದ್ದರೂ ತಿಂಗಳಿಗೆ 4,000 ರೂಪಾಯಿ ಕೊಡ್ತಾರೆ.

ಅತ್ತೆ: ಕೊಡ್ತಾರೆ, ಅರ್ಜಿ ಹಾಕಿದರೆ. ವಿಧವೆ, ಗಂಡ ಬಿಟ್ಟವಳು, ದೊಡ್ಡ ಕಾಯಿಲೆಯವರು, ಅಜ್ಜಿ ಮನೇಲಿ ಬೆಳೀತಿರೋ ತಬ್ಬಲಿ ಇವರಿಗೆಲ್ಲ ಇದೆ. ಹಳ್ಳಿಯಲ್ಲಾದರೆ ವರ್ಷದ ಆದಾಯ 72,000 ದಾಟಬಾರದು. ಕಚೇರಿ ಊಟಿಯಲ್ಲಿ. ಹೋಗಿ ಬರೋಕೆ ಒಂದು ದಿನದ ಕೂಲಿ ಹೋಯಿತು. ಜಾರ್ಖಂಡಿನವಳಾದರೆ ಆಧಾರಿನ ವಿಳಾಸ ಒಂದು ಕಡೆ, ಅವಳು ಇನ್ನೊಂದು ಕಡೆ. ಗಂಡ ಸತ್ತದ್ದಕ್ಕೆ ಸರ್ಟಿಫಿಕೇಟು ಇಲ್ಲ. ನಮ್ಮ ಕೂಟದಲ್ಲಿ ಏನು ನಡೆಯುತ್ತೆ ಅಂತ ಕೇಳಿದೆಯಲ್ಲ, ಮುಕ್ಕಾಲು ಪಾಲು ಇದೇ. ಪೋಸ್ಟಾಫೀಸಿನಲ್ಲಿದ್ದು ರಿಟೈರ್ ಆದ ಒಬ್ಬರು ಬಂದು ಫಾರಂ ತುಂಬಿಕೊಡ್ತಾರೆ. ಮಕ್ಕಳಿಗೆ ಸುಂಡಲ್ ಬೇಯಿಸಿರ್ತೀವಿ. ತಾಯಂದಿರು ಒಂದು ಗಂಟೆ ಸುಮ್ಮನೆ ಕೂರ್ತಾರೆ. ಮೊದಮೊದಲು ಒಬ್ಬಳು ಗೋಡೆಗೆ ಒರಗಿ ನಿದ್ದೆಯೇ ಹೋಗಿಬಿಟ್ಟಳು. ಎಬ್ಬಿಸಬೇಡಿ ಅಂದೆ. ಅವತ್ತಿನ ಪಾಠ ಅಷ್ಟೇ.

ಅಳಿಯ: ಅಧ್ಯಯನಗಳೂ ನಿಮ್ಮ ಪರವಾಗಿಯೇ ಮಾತಾಡ್ತವೆ ಅತ್ತೆ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್‌ನಲ್ಲಿ 552 ಕುಟುಂಬಗಳಲ್ಲಿ ಇಂಥದ್ದೊಂದು ಕಾರ್ಯಕ್ರಮ ಮಾಡಿ ಪರೀಕ್ಷಿಸಿದರು. 14 ವಾರ. ನಡೆಸಿದವರು ಡಾಕ್ಟರಲ್ಲ, ಊರವರೇ. ಬಂದವರಿಗೆ ಊಟ ಕೊಟ್ಟರು, ಬಾರದವರ ಮನೆಗೆ ತಾವೇ ಹೋದರು. ಮಕ್ಕಳಿಗೆ ಹೊಡೆತ ಕಡಿಮೆಯಾಯಿತು, ದೊಡ್ಡವರ ಕುಡಿತವೂ ಇಳಿಯಿತು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು.

ಅತ್ತೆ: ಮನೆಗೆ ಹೋದರು ಅಂದೆಯಲ್ಲ, ಅದೇ ಗುಟ್ಟು. ಕೆಥೊಲಿಕರಲ್ಲಿ ವಿನ್ಸೆಂಟ್ ದೆ ಪಾಲ್ ಸಭೆಯವರಿದ್ದಾರೆ ನೋಡು, 1833ರಲ್ಲಿ ಪ್ಯಾರಿಸ್ಸಿನಲ್ಲಿ ಓಝನಾಮ್ ಅನ್ನೋ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಶುರು ಮಾಡಿದ್ದು. ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗೋದು ಅವರ ಪದ್ಧತಿ. ಒಬ್ಬರೇ ಹೋದರೆ ಜನ ಏನಾದರೂ ಅಂತಾರೆ, ನಾಲ್ಕು ಜನ ಹೋದರೆ ರೇಡು ಆದ ಹಾಗಿರುತ್ತೆ. ನಾವು ಪ್ರೊಟೆಸ್ಟಂಟರು ಆದರೂ ಆ ಲೆಕ್ಕ ಕದ್ದುಕೊಂಡಿದ್ದೀವಿ. ನಾನೂ ಇನ್ನೊಬ್ಬಳೂ ಮಂಗಳವಾರ ಹೋಗ್ತೀವಿ. ಬೈಬಲ್ ಕೈಯಲ್ಲಿ ಹಿಡಿಯಲ್ಲ.

ಅಳಿಯ: ಮತಾಂತರದ ಮಾತು ಬಂದಿಲ್ವಾ?

ಅತ್ತೆ: ಬಂತು. ಬರದೆ ಇರುತ್ತಾ? ಒಬ್ಬರು ಬಂದು ನೇರವಾಗಿ ಕೇಳಿದರು. ಬಂದು ಕೂತು ನೋಡಿ ಅಂದೆ. ಕೂತರು, ಸುಂಡಲ್ ತಿಂದರು, ಹೋದರು. ನಮ್ಮೊಳಗೂ ತಕರಾರಿದೆ. ಪ್ರಾರ್ಥನೆ ಇಲ್ಲದ ಮೇಲೆ ಸಭೆಯ ಹಾಲ್ ಯಾಕೆ ಕೊಡಬೇಕು ಅಂತ ಒಬ್ಬ ಹಿರಿಯರು ಕೇಳಿದರು. ಹಸಿದವನಿಗೆ ರೊಟ್ಟಿ ಕೊಡೋವಾಗ ಯೇಸು ಸ್ವಾಮಿ ಹಾಜರಿ ತಗೊಂಡಿದ್ದರಾ ಅಂದೆ. ಸಭೆಯ ಪಾದ್ರಿ ಅಯ್ಯನವರು ನಕ್ಕುಬಿಟ್ಟರು, ಹಾಲ್ ಸಿಕ್ಕಿತು. ಆದರೆ ಆ ಹಿರಿಯರದ್ದು ಪೂರ್ತಿ ತಪ್ಪು ಅಂತಲೂ ಹೇಳಲಾರೆ. ಕೂಟ ಮುಗಿದ ಮೇಲೆ ಕೆಲವರು ತಾವಾಗಿ ಚರ್ಚಿನೊಳಗೆ ಹೋಗಿ ಕೂರ್ತಾರೆ, ಹಿಂದೂಗಳೂ. ಅದಕ್ಕೆ ನಾನು ಬಾ ಅನ್ನಲ್ಲ, ಬೇಡ ಅನ್ನಲ್ಲ.

ಅಳಿಯ: ಬೆತ್ತದ ವಿಷಯ? ಜ್ಞಾನೋಕ್ತಿಗಳಲ್ಲಿ ಮಗನಿಗೆ ಬೆತ್ತ ಬೇಕು ಅಂತ ಇದೆಯಲ್ಲ. ನಮ್ಮ ಅಪ್ಪ ಅದನ್ನ ಹೇಳಿಯೇ ಹೊಡೀತಿದ್ದದ್ದು.

ಅತ್ತೆ: ನಿಮ್ಮಪ್ಪನಿಗೆ ಹೊಡೆದದ್ದು ನಮ್ಮಪ್ಪ, ಅದೇ ವಚನ ಹೇಳಿ. ಆ ವಚನ ಎಲ್ಲ ಗಂಡಸರಿಗೂ ಬಾಯಿಪಾಠ. ತಂದೆಗಳು ಮಕ್ಕಳನ್ನ ಕೆಣಕಿ ಅವರ ಮನಸ್ಸು ಕುಗ್ಗಿಸಬಾರದು ಅಂತ ಪೌಲ ಕೊಲೊಸ್ಸೆಯವರಿಗೆ ಬರೆದಿದ್ದಾನೆ, ಅದು ಒಬ್ಬನಿಗೂ ನೆನಪಿಲ್ಲ. ಅಯ್ಯನವರ ಹತ್ತಿರ ಒಂದು ಭಾನುವಾರ ಅದರ ಮೇಲೆ ಪ್ರಸಂಗ ಮಾಡಿಸಿದೆ. ಇಂಥದ್ದಕ್ಕೆ ಮಾತ್ರ ಪೀಠ ಬೇಕು. ನನ್ನಂಥವಳು ಹೇಳಿದರೆ ಗೊಣಗು ಅಂತಾರೆ.

ಅಳಿಯ: ಹೊಡೆತಕ್ಕಿಂತ ಕೆಟ್ಟದ್ದು ಕಿವಿಗೆ ಬಿದ್ದರೆ?

ಅತ್ತೆ: ಬಿದ್ದಿದೆ. ಯಾವ ಮನೆ, ಎಷ್ಟು ವರ್ಷದ ಮಗು ಅಂತ ನಿನಗೂ ಹೇಳಲ್ಲ. ಸಭೆಯೊಳಗೇ ಕೂರಿಸಿ ಮಾತಾಡಿ ಸರಿಮಾಡೋಣ ಅಂತ ಹೇಳೋರು ಎಲ್ಲ ಸಭೆಯಲ್ಲೂ ಇರ್ತಾರೆ, ಮಾನದ ಪ್ರಶ್ನೆ ಅಂತಾರೆ. 2012ರ ಪೋಕ್ಸೊ ಕಾಯ್ದೆಯಲ್ಲಿ ಗೊತ್ತಿದ್ದೂ ಪೊಲೀಸರಿಗೆ ಹೇಳದಿದ್ದರೆ ಅದೇ ಅಪರಾಧ. ಮಾಡಿದವನು ಪಶ್ಚಾತ್ತಾಪ ಪಟ್ಟ, ಕಣ್ಣೀರು ಹಾಕಿದ ಅನ್ನೋದು ದೇವರ ಲೆಕ್ಕ. ನಾವು ಅವತ್ತೇ ಸಾಯಂಕಾಲ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ವಿ. ಎರಡು ಮನೆಯವರು ಸಭೆಗೆ ಬರೋದು ಬಿಟ್ಟರು. ಬಿಡಲಿ.

ಅಳಿಯ: ಮಂಗಳವಾರ ಮನೆಗೆ ಹೋದಾಗ ಏನು ಮಾತಾಡ್ತೀರಿ?

ಅತ್ತೆ: ಮಾತು ಕಮ್ಮಿ. ಎಲೆ ಕಿತ್ತು ಕಪ್ಪಾದ ಬೆರಳಿಗೆ ನಿಂಬೆಹಣ್ಣು ಉಜ್ಜಿಕೋ ಅಂತ ಒಂದು ಸಲ ಹೇಳಿದೆ, ಅದರಿಂದ ಶುರುವಾಯಿತು. ಒಂದು ಮನೆಯಲ್ಲಿ ಒಂಬತ್ತು ವರ್ಷದ ಹುಡುಗ. ಅಪ್ಪ ದಿನಾ ಟಾಸ್ಮಾಕ್ ಮದ್ಯದಂಗಡಿಯಲ್ಲಿ. ನಮ್ಮ ಜಿಲ್ಲೆಯಲ್ಲಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚಿಗೆ ತಗೊಂಡು, ಖಾಲಿ ಬಾಟಲಿ ತಂದುಕೊಟ್ಟರೆ ವಾಪಸ್ಸು ಕೊಡ್ತಾರೆ, ಗೊತ್ತಲ್ಲ. ಕಾಡಿಗೆ ಎಸೆದ ಗಾಜು ಆನೆ, ಕಾಟಿಗಳ ಕಾಲಿಗೆ ಚುಚ್ಚುತ್ತೆ ಅಂತ ಹೈಕೋರ್ಟು ಹೇಳಿ 2022ರಲ್ಲಿ ಇಲ್ಲೇ ಮೊದಲು ತಂದದ್ದು. ಒಳ್ಳೇ ಕೆಲಸವೇ. ಈ ಹುಡುಗ ಪೆನ್ಸಿಲ್ ಡಬ್ಬಿಯಲ್ಲಿ ನೋಟು ಮಡಚಿ ಇಟ್ಟಿದ್ದ. ನನಗೆ ತೋರಿಸಿದ, ಎಣಿಸಿದ. ನೂರಾ ಇಪ್ಪತ್ತು. ಎಲ್ಲಿಂದ ಬಂತೋ ಅಂದೆ. ಅಪ್ಪನ ಬಾಟಲಿ, ದೊಡ್ಡವರೊಬ್ಬರ ಕೈಯಲ್ಲಿ ಕೊಡಿಸ್ತೀನಿ ಅಂದ. ಡ್ರಾಯಿಂಗ್ ಬುಕ್ ತಗೋಬೇಕಂತೆ. ಅವನಮ್ಮ ಒಲೆ ಹತ್ತಿರ ಕೂತಿದ್ದಳು. ಹನ್ನೆರಡು ಅಂತ ಮೆಲ್ಲಗೆ ಅಂದಳು. ಅವಳು ರೂಪಾಯಿ ಎಣಿಸಲಿಲ್ಲ.

ಅಳಿಯ: ...

ಅತ್ತೆ: ಅವತ್ತೇ ಅವಳು ಮೊದಲ ಸಲ ಗುರುವಾರಕ್ಕೆ ಬರ್ತೀನಿ ಅಂದದ್ದು. ಗಂಡನನ್ನ ಬಿಡಿಸಿ ಅಂತ ಕೇಳಲಿಲ್ಲ. ಹುಡುಗ ಸಾಯಂಕಾಲ ಆ ರಸ್ತೆ ಕಡೆ ಹೋಗದ ಹಾಗೆ ಎಲ್ಲಾದರೂ ಕೂರಿಸಿಕೊಳ್ಳಿ ಅಂದಳು. ಈಗ ದಿನಾ ಐದರಿಂದ ಏಳರ ತನಕ ಹಾಲ್‌ನಲ್ಲಿ ಮಕ್ಕಳು ಕೂತು ಓದ್ತಾವೆ. ಕಾಲೇಜು ಹುಡುಗಿಯರಿಬ್ಬರು ನೋಡಿಕೊಳ್ತಾರೆ. ಇದಕ್ಕೆ ಯಾವ ಯೋಜನೆಯೂ ಬೇಕಾಗಲಿಲ್ಲ. ಕರೆಂಟು ಬಿಲ್ಲು ಮಾತ್ರ ಏರಿದೆ ಅಂತ ಖಜಾಂಚಿ ಗೊಣಗ್ತಾರೆ.

ಅಳಿಯ: ಸರ್ಕಾರದ ಅಧಿಕಾರಿ ಮಾಡಲಾಗದ್ದನ್ನ ಸಭೆ ಮಾಡಬಲ್ಲದು ಅಂತೀರಾ?

ಅತ್ತೆ: ಅಧಿಕಾರಿಗೆ ವರ್ಗಾವಣೆ ಇದೆ, ಪ್ರಾಜೆಕ್ಟಿಗೆ ಮೂರು ವರ್ಷದ ಆಯುಸ್ಸು. ನಾನು ಇಲ್ಲೇ ಸಾಯೋದು. ಅವಳು ಮಗುವಿಗೆ ಹೊಡೆದ ದಿನವೂ ನನ್ನನ್ನ ದಾರಿಯಲ್ಲಿ ನೋಡಬೇಕು, ಹೊಡೆಯದ ದಿನವೂ ನೋಡಬೇಕು. ಸಭೆಯ ಹತ್ತಿರ ಇರೋದು ಅದೊಂದೇ ಬಂಡವಾಳ. ಅದೇ ಶಾಪವೂ ಹೌದು. ಊರಿಗೆಲ್ಲ ಗೊತ್ತಾಗುತ್ತೆ ಅಂತ ಎಷ್ಟೋ ಜನ ಬಾಗಿಲೇ ತೆರೆಯಲ್ಲ. ಬಾಯಿ ಬಿಗಿ ಇಲ್ಲದವರನ್ನ ನಾನು ಮಂಗಳವಾರ ಜೊತೆಗೆ ಕರಕೊಂಡು ಹೋಗಲ್ಲ. ಅದಕ್ಕೂ ಒಬ್ಬರು ಮುನಿಸಿಕೊಂಡಿದ್ದಾರೆ.

ಅಳಿಯ: ಎಷ್ಟು ಜನ ಬರ್ತಾರೆ ಈಗ?

ಅತ್ತೆ: ಎಂಟು ಕುರ್ಚಿ ಹಾಕ್ತೀವಿ. ಕೆಲವು ವಾರ ಎರಡು ಖಾಲಿ. ಎಲೆ ಜಾಸ್ತಿ ಬರೋ ತಿಂಗಳಲ್ಲಿ ನಾಲ್ಕು ಖಾಲಿ.

ಅಳಿಯ: ಅಪ್ಪಂದಿರು?

ಅತ್ತೆ: ಮೂರು ವರ್ಷದಲ್ಲಿ ಒಬ್ಬ. ಆ ಹುಡುಗನ ಅಪ್ಪನೇ. ಕುಡಿತ ಬಿಟ್ಟಿದ್ದಾನೆ ಅಂತ ತಿಳಕೋಬೇಡ, ಬಿಟ್ಟಿಲ್ಲ. ಗುರುವಾರ ಮಾತ್ರ ಕುಡಿಯದೆ ಐದು ಗಂಟೆಗೇ ಬಂದು ಎಂಟು ಕುರ್ಚಿಯನ್ನೂ ಹಾಕ್ತಾನೆ. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಕೂತಿರ್ತಾನೆ. ಒಳಗೆ ಇನ್ನೂ ಬಂದಿಲ್ಲ.